ತಿಳವಳ್ಳಿ ಸೀಮೆಯ ಕೆರೆಬೇಟೆ

ಬೇಸಿಗೆಯಲ್ಲಿ ನೀರಿಳಿದ ಕೆರೆಗೆ ಊರೆಲ್ಲ ಒಟ್ಟಾಗಿ ಇಳಿದು ಮೀನು ಹಿಡಿಯುವ ಪದ್ಧತಿಗೆ ಕೆರೆಬೇಟೆ ಎಂದು ಹೆಸರು. ಸೊರಬ, ಸಾಗರ, ಶಿಕಾರಿಪುರಗಳಲ್ಲೂ ಅವುಗಳಿಗೆ ತಾಗಿದ ಹಾನಗಲ್ಲ ತಾಲ್ಲೂಕಿನ ಅಂಚಿನಲ್ಲೂ ಇದು ರೂಢಿಯಲ್ಲಿದೆ. ಮಲೆನಾಡು ಮುಗಿದು ಬಯಲು ತೊಡಗುವ ಈ ಸೀಮೆ ಕೆರೆಗಳಿಗೆ ಹೆಸರಾದದ್ದು. ತಿಳವಳ್ಳಿಯ ದೊಡ್ಡ ಕೆರೆ, ಹಾನಗಲ್ಲಿನ ಆನೆಕೆರೆ, ಹಿರೇಕೆರೂರಿನ ಕಡೆ ಕುಮುದ್ವತಿಗೆ ಕಟ್ಟಿದ ಮದಗ ಮಾಸೂರು ಕೆರೆ ಇವುಗಳಲ್ಲಿ ಕೆಲವು. ಕೆರೆ ಕಟ್ಟಿದ್ದು ಗದ್ದೆಗಾಗಿ. ಮೀನು ಅದರ ಜೊತೆಗೇ ಬಂದ ಫಲ.

ಮೀನು ಹಿಡಿಯುವುದನ್ನು ವಿದ್ಯೆಯಾಗಿ ಬರೆದಿಟ್ಟವನು ಈ ನಾಡಿನ ಒಡೆಯನೇ. ಹಾನಗಲ್ಲು ಆಗ ಪಾನುಂಗಲ್ಲು ಐನೂರರ ರಾಜಧಾನಿ, ಅಲ್ಲಿನ ಕದಂಬರು ಕಲ್ಯಾಣದ ಚಾಲುಕ್ಯರ ಸಾಮಂತರು. ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದ ಎಂಬ ಅಧ್ಯಾಯವಿದೆ. ಮೂವತ್ತಕ್ಕೂ ಹೆಚ್ಚು ಬಗೆಯ ಮೀನುಗಳು, ಅವುಗಳಿಗೆ ಹಾಕುವ ಮೇವು, ಗಾಳದ ದಾರ, ಕೋಲು ಎಲ್ಲವನ್ನೂ ಅದು ಹೇಳುತ್ತದೆ. ಮೀನುತಜ್ಞ ಸುಂದರ್‌ಲಾಲ್ ಹೋರಾ 1951ರಲ್ಲಿ ಅದನ್ನು ಅಭ್ಯಾಸ ಮಾಡಿ ಆ ಮೀನುಗಳನ್ನು ಗುರುತಿಸಲು ಯತ್ನಿಸಿದರು. ಗಾಳದ ಮೇಲೆ ಇಂಗ್ಲಿಷಿನಲ್ಲಿ ಮೊದಲ ಬರಹ ಅಚ್ಚಾದದ್ದು 1496ರಲ್ಲಿ. ಕನ್ನಡ ನೆಲದ ಈ ಬರಹ ಅದಕ್ಕಿಂತ ಮುನ್ನೂರೈವತ್ತು ವರ್ಷಕ್ಕೂ ಹೆಚ್ಚು ಹಳೆಯದು ಎಂಬುದು ಶಾಲೆಯ ಮಕ್ಕಳಿಗೂ ಗೊತ್ತಿರಬೇಕಾದ ಸಂಗತಿ.

ಅರಸನದು ಒಬ್ಬನ ವಿನೋದ, ಕೆರೆಬೇಟೆ ಊರಿನದು. ಮಳೆಗಾಲದಿಂದ ಕಾಯ್ದುಕೊಂಡು ಬಂದ ಕೆರೆಯ ನೀರು ಮೊಣಕಾಲು, ತೊಡೆಮಟ್ಟಕ್ಕೆ ಇಳಿದಾಗ ಊರಿನ ಹಿರಿಯರು ದಿನ ಗೊತ್ತುಮಾಡುತ್ತಾರೆ. ಸುದ್ದಿ ಸುತ್ತಲ ಹಳ್ಳಿಗಳಿಗೂ ಹೋಗುತ್ತದೆ. ಕೂಣಿಗೆ ಇಷ್ಟು ಎಂದು ಹಣ ಕಟ್ಟಬೇಕು. ಆ ಹಣ ಊರಿನ ಗುಡಿಗೋ ಊರಕೆಲಸಕ್ಕೋ ಸಲ್ಲುತ್ತದೆ. ಕೂಣಿಯೆಂದರೆ ಬಿದಿರಿನಿಂದ ಹೆಣೆದ ಸಾಧನ: ಬುಡ ಅಗಲ, ತಲೆ ಕಿರಿದು, ಎರಡೂ ಕಡೆ ಬಾಯಿ. ಪೂಜೆಯಾಗಿ ಸೂಚನೆ ಸಿಕ್ಕೊಡನೆ ನೂರಾರು ಜನ ಒಮ್ಮೆಲೇ ನೀರಿಗೆ ಇಳಿದು ಹೆಜ್ಜೆಹೆಜ್ಜೆಗೂ ಕೂಣಿಯನ್ನು ಕೆಸರಿಗೆ ಒತ್ತುತ್ತಾರೆ. ಒಳಗೆ ಸಿಕ್ಕ ಮೀನು ಬಿದಿರಿಗೆ ಬಡಿದಾಗ ಕೈಗೆ ಅದರ ಅದುರು ತಿಳಿಯುತ್ತದೆ. ಆಗ ಮೇಲಿನ ಬಾಯಿಯಿಂದ ಕೈ ಇಳಿಸಿ ತಡಕಿ, ಹಿಡಿದು, ಸೊಂಟದ ಚೀಲಕ್ಕೆ ಹಾಕುವುದು. ಗಾಳಿಯನ್ನೂ ಉಸಿರಾಡಬಲ್ಲ ಕೊರವ ಮೀನು ಕಲಕಿದ ಕೆಸರಿನಲ್ಲೂ ಜೀವ ಹಿಡಿದಿರುತ್ತದೆ; ಅದನ್ನು ಹಿಡಿಯಲು ಕೈಚಳಕ ಬೇಕು.

ಇಪ್ಪತ್ತನೆಯ ಶತಮಾನದಲ್ಲಿ ಕೆರೆಯ ಮೀನೇ ಬದಲಾಯಿತು. ಚುಚ್ಚುಮದ್ದು ಕೊಟ್ಟು ಗೆಂಡೆ ಜಾತಿಯ ಮೀನುಗಳಿಂದ ಮೊಟ್ಟೆಯಿಡಿಸುವ ವಿಧಾನ 1957ರಲ್ಲಿ ಒಡಿಶಾದ ಅಂಗುಲ್‌ನಲ್ಲಿ ಫಲಿಸಿತು. ಗಂಗೆಯ ಬಯಲಿನ ಕಾಟ್ಲಾ, ರೋಹು, ಮೃಗಾಲ್ ಮರಿಗಳು ದೇಶದ ಕೆರೆಗಳಿಗೆಲ್ಲ ಬಂದವು. ಮೀನು ಹಿಡಿಯುವ ಹಕ್ಕು ಹರಾಜು, ಗುತ್ತಿಗೆಗಳ ಪಾಲಾಯಿತು. ಗುತ್ತಿಗೆದಾರನಿಗೆ ಬೇಕಾದದ್ದು ಬಲೆ, ತೂಕ, ಪೇಟೆ. ವರದಾ ನದಿಯ ನೀರನ್ನು ಏತದಿಂದ ಕೆರೆಗೆ ತುಂಬಿಸುವ ಯೋಜನೆಗಳು ರೈತರಿಗೆ ವರವೇ. ಆದರೆ ಬೇಸಿಗೆಯಲ್ಲೂ ತುಂಬಿ ನಿಂತ ಕೆರೆಯಲ್ಲಿ ಕೂಣಿ ನೆಲ ಮುಟ್ಟುವುದಿಲ್ಲ.

2024ರಲ್ಲಿ ಇದೇ ಹೆಸರಿನ ಚಲನಚಿತ್ರ ಬಂದ ಮೇಲೆ ಕೆರೆಬೇಟೆ ರಾಜ್ಯದ ಉಳಿದ ಭಾಗಕ್ಕೂ ಪರಿಚಯವಾಗಿದೆ. ಆದರೆ ಪದ್ಧತಿ ಉಳಿಯಬೇಕಾದದ್ದು ಕೆರೆಯಲ್ಲಿ. ಮೀನಿನ ಗುತ್ತಿಗೆ ಕೊಡುವಾಗ ನೀರಿಳಿಯುವ ಕೆರೆಗಳಲ್ಲಿ ವರ್ಷಕ್ಕೆ ಒಂದು ದಿನವನ್ನು ಊರಿನ ಕೂಣಿಗಳಿಗೆ ಬಿಡಬೇಕೆಂಬ ಷರತ್ತನ್ನು ಪಂಚಾಯಿತಿಗಳು ಸೇರಿಸುವುದು ನ್ಯಾಯ.