‘ದಿ ಲಾಸ್ಟ್ ಸ್ಟಾರ್‌ಫೈಟರ್’ ವಿಡಿಯೊ ಗೇಮ್: ಹೆಸರು, ಪ್ರೋಗ್ರಾಂ, ಯಂತ್ರ

1. ವ್ಯಾಪ್ತಿ

ನಿಕ್ ಕ್ಯಾಸಲ್ ನಿರ್ದೇಶನದ ‘ದಿ ಲಾಸ್ಟ್ ಸ್ಟಾರ್‌ಫೈಟರ್’ ಅಮೆರಿಕದಲ್ಲಿ ತೆರೆಕಂಡದ್ದು 1984ರ ಜುಲೈ 13ರಂದು. ಆರ್ಕೇಡ್ ಗೇಮೊಂದರಲ್ಲಿ ದಾಖಲೆಯ ಅಂಕ ಗಳಿಸಿದ ಯುವಕನನ್ನು ನಿಜವಾದ ಬಾಹ್ಯಾಕಾಶ ಯುದ್ಧಕ್ಕೆ ಸೇರಿಸಿಕೊಳ್ಳುವುದು ಅದರ ಕಥಾವಸ್ತು. ಅಟಾರಿ ಕಂಪನಿಯ ವಿಡಿಯೊ ಗೇಮ್ ಬರಲಿದೆ ಎಂಬ ಸೂಚನೆ ಚಿತ್ರದ ಕೊನೆಯ ಟೈಟಲ್ ಕಾರ್ಡ್‌ಗಳಲ್ಲಿದೆ. ಆ ಹೆಸರಿನ ಗೇಮನ್ನು ಅಟಾರಿ ಮಾರಲೇ ಇಲ್ಲ. ಹಾಗಾಗಿ ಅದು ‘ಬಿಡುಗಡೆಯಾಗದ ಗೇಮ್’ಗಳ ಸಾಲಿಗೆ ಸೇರಿದೆ. ಈ ವರ್ಗೀಕರಣ ಹೆಸರಿನ ಮಟ್ಟಿಗೆ ಸರಿ. ಪ್ರೋಗ್ರಾಂಗಳ ಮಟ್ಟಿಗೆ ತಿದ್ದುಪಡಿ ಬೇಕಾದೀತು.

2. ಪ್ರತ್ಯೇಕ ಯೋಜನೆಗಳು

ಒಂದೇ ಹೆಸರಿನಡಿ ಕನಿಷ್ಠ ಮೂರು ಕೆಲಸಗಳನ್ನು ಗುರುತಿಸಬಹುದು.

(ಅ) ಮೊಟೊರೋಲಾ 68000 ಪ್ರೊಸೆಸರ್ ಆಧರಿಸಿದ ಆರ್ಕೇಡ್ ಯಂತ್ರ. ಇದು ಮಾರುಕಟ್ಟೆಗೆ ಬರಲಿಲ್ಲ.

(ಆ) ಅಟಾರಿ 8-ಬಿಟ್ ಕಂಪ್ಯೂಟರ್‌ಗಳು ಹಾಗೂ ಅವಕ್ಕೆ ಹಾರ್ಡ್‌ವೇರ್‌ನಲ್ಲಿ ನಿಕಟವಾದ 5200 ಕನ್ಸೋಲ್‌ಗಾಗಿ ಸಿದ್ಧಪಡಿಸಿದ ಗೇಮ್. ಕಂಪ್ಯೂಟರ್ ಆವೃತ್ತಿ ಅಲ್ಪಸ್ವಲ್ಪ ಬದಲಾವಣೆಯೊಂದಿಗೆ 1986ರಲ್ಲಿ ‘ಸ್ಟಾರ್ ರೇಡರ್ಸ್ II’ ಎಂದು ಬಿಡುಗಡೆಯಾಯಿತು. 5200 ಆವೃತ್ತಿ ಯಾವ ಹೆಸರಿನಲ್ಲೂ ಬರಲಿಲ್ಲ.

(ಇ) 2600 ಕನ್ಸೋಲ್‌ಗಾಗಿ ಡಗ್ ನ್ಯೂಬಾವರ್ ರಚಿಸಿದ ಗೇಮ್. ಇದು 1986ರಲ್ಲಿ 16 ಕಿಲೋಬೈಟ್ ಕಾರ್ಟ್ರಿಜ್ ಆಗಿ, ‘ಸೋಲಾರಿಸ್’ ಎಂಬ ಹೆಸರಿನಲ್ಲಿ ಹೊರಬಂದಿತು.

3. ‘ಸೋಲಾರಿಸ್’ನ ಮೂಲ: ಹೇಳಿಕೆಗಳ ವ್ಯತ್ಯಾಸ

‘ಸೋಲಾರಿಸ್’ ಎಂದರೆ ಹೆಸರು ಬದಲಿಸಿದ ಚಲನಚಿತ್ರ ಗೇಮ್ ಎಂಬುದು ಒಂದು ಹೇಳಿಕೆ. ಚಿತ್ರದ ನಂಟು ಬೆಳೆಯುವ ಮೊದಲೇ ಅದು ‘ಯೂನಿವರ್ಸ್’ ಎಂಬ ಹೆಸರಿನಲ್ಲಿ ರೂಪುಗೊಳ್ಳುತ್ತಿತ್ತು ಎಂಬುದು ಇನ್ನೊಂದು. ಗೇಮಿನ ಒಳಗಿನ ಸಾಕ್ಷ್ಯ ಎರಡನೆಯದರ ಕಡೆಗೆ ವಾಲುತ್ತದೆ. ನಕ್ಷೆ ನೋಡಿ ವಲಯದಿಂದ ವಲಯಕ್ಕೆ ಜಿಗಿಯುವ ವಿನ್ಯಾಸವೂ ‘ಜೈಲಾನ್’ ಎಂಬ ಶತ್ರುಗಳೂ ನ್ಯೂಬಾವರ್ ಅವರದೇ ‘ಸ್ಟಾರ್ ರೇಡರ್ಸ್’ (1979) ಗೇಮಿನಲ್ಲೂ ಇವೆ. ಚಿತ್ರದ ಶತ್ರುಗಳು ‘ಕೊ-ಡಾನ್’. ಆದರೆ ಶತ್ರುಗಳ ಹೆಸರನ್ನು ಕೊನೆಯ ಹಂತದಲ್ಲೂ ಬದಲಿಸಲು ಸಾಧ್ಯವಿರುವುದರಿಂದ ಅದಕ್ಕೆ ಹೆಚ್ಚಿನ ತೂಕ ಸಲ್ಲದು; ವಿನ್ಯಾಸದ ಸಾಮ್ಯವೇ ಹೆಚ್ಚು ನಂಬಲರ್ಹ. ಇಲ್ಲೊಂದು ವೈರುಧ್ಯ ಗಮನಾರ್ಹ: ಶೀರ್ಷಿಕೆಯಿಂದ ಉತ್ತರಭಾಗವೆನಿಸುವ ‘ಸ್ಟಾರ್ ರೇಡರ್ಸ್ II’ ಮೂಲ ಕರ್ತೃವಿನದಲ್ಲ, ಕರ್ತೃವಿನ ಮುಂದುವರಿಕೆಗೆ ಆ ಶೀರ್ಷಿಕೆಯಿಲ್ಲ.

4. ಕೈಬಿಟ್ಟ ಕಾರಣ

ಸಂಪೂರ್ಣಗೊಳ್ಳದ ಚಿತ್ರವನ್ನು ನೋಡಿದ ಅಟಾರಿ ಪ್ರತಿನಿಧಿಗಳು ಅದು ಗೆಲ್ಲದೆಂದು ಭಾವಿಸಿ ಆರ್ಕೇಡ್ ಯೋಜನೆಯನ್ನು ನಿಲ್ಲಿಸಿದರು ಎಂಬ ವಿವರಣೆ ಪ್ರಚಲಿತದಲ್ಲಿದೆ. ವಾರ್ನರ್ ಸಂಸ್ಥೆ ಅಟಾರಿಯ ಗೃಹಬಳಕೆ ವಿಭಾಗವನ್ನು ಜ್ಯಾಕ್ ಟ್ರಾಮಿಯೆಲ್ ಅವರಿಗೆ ಮಾರಿದ್ದು 1984ರ ಜುಲೈ ಮೊದಲ ವಾರದಲ್ಲಿ. ಆರ್ಕೇಡ್ ವಿಭಾಗ ಆ ಮಾರಾಟದಲ್ಲಿ ಸೇರಿರಲಿಲ್ಲ. ಮೇಲಿನ ವಿವರಣೆ ಸರಿಯಾಗಿದ್ದರೆ ಆರ್ಕೇಡ್ ಯೋಜನೆ ನಿಂತದ್ದು ಮಾರಾಟಕ್ಕೂ ಮೊದಲು; ಆಗ ಮಾರಾಟವನ್ನು ಅದರ ಕಾರಣವೆನ್ನಲಾಗದು. ಗೃಹ ಆವೃತ್ತಿಗಳ ಮಟ್ಟಿಗೆ ಮಾರಾಟ ಒಂದು ಸಂಭವನೀಯ ಕಾರಣ. ಆದರೆ ದಿನಾಂಕಗಳ ಸಾಮೀಪ್ಯವೇ ಪುರಾವೆಯಾಗದು. 5200 ಕನ್ಸೋಲನ್ನು ನಿಲ್ಲಿಸಿರುವುದಾಗಿ ಕಂಪನಿ 1984ರ ಮೇ ತಿಂಗಳಲ್ಲೇ ತಿಳಿಸಿತ್ತು. ಆ ಆವೃತ್ತಿಗೆ ಇದೊಂದೇ ಸಾಕಷ್ಟು ಕಾರಣವಾಗಿರಬಹುದು.

5. 1990ರ ಕಾರ್ಟ್ರಿಜ್

ಮೈಂಡ್‌ಸ್ಕೇಪ್ 1990ರಲ್ಲಿ ನಿಂಟೆಂಡೊ ಎನ್‌ಇಎಸ್ ಕನ್ಸೋಲ್‌ಗೆ ಇದೇ ಚಿತ್ರದ ಹೆಸರಿನ ಗೇಮ್ ಪ್ರಕಟಿಸಿತು. ಅದು ಆ್ಯಂಡ್ರೂ ಬ್ರೇಬ್ರುಕ್ ಅವರ ‘ಯುರಿಡಿಯಂ’ (1986) ಗೇಮಿನ ಮಾರ್ಪಾಡು. ಅಟಾರಿಯ ಕೆಲಸಕ್ಕೂ ಇದಕ್ಕೂ ಹೆಸರಿನ ಹೊರತು ಸಂಬಂಧವಿಲ್ಲ. ಇದನ್ನು ‘ತಡವಾಗಿ ಬಂದ ಅಟಾರಿ ಗೇಮ್’ ಎಂದು ಎಣಿಸಬಾರದು.

6. ತಾತ್ಕಾಲಿಕ ತೀರ್ಮಾನ

ಗೃಹ ಆವೃತ್ತಿಗಳ ಪೈಕಿ 8-ಬಿಟ್ ಮತ್ತು 2600 ಪ್ರೋಗ್ರಾಂಗಳು ಉಳಿದು, ಹೆಸರು ಕಳಚಿತು. ಎನ್‌ಇಎಸ್‌ನಲ್ಲಿ ಹೆಸರು ಬಂದರೂ ಪ್ರೋಗ್ರಾಂ ಬೇರೆ. ಕಟ್ಟುನಿಟ್ಟಾದ ಅರ್ಥದಲ್ಲಿ ‘ಬಿಡುಗಡೆಯಾಗದ ಕನ್ಸೋಲ್ ಗೇಮ್’ ಎಂಬ ವಿವರಣೆ 5200 ಆವೃತ್ತಿಗೆ ಮಾತ್ರ ಪೂರ್ಣವಾಗಿ ಹೊಂದುತ್ತದೆ. ಇಂಥ ಪಟ್ಟಿಗಳಲ್ಲಿ ಹೆಸರು, ಪ್ರೋಗ್ರಾಂ, ಯಂತ್ರ ಈ ಮೂರಕ್ಕೂ ಪ್ರತ್ಯೇಕ ನಮೂದು ಇರುವುದು ಸೂಕ್ತ.