ಆಳುವವರ ಮಾತು, ತುಘಲಕನ ನಾಣ್ಯ

ರಾಜ್ಯಗಳು ಹಾಳಾಗುವುದು ಹೊರಗಿನ ಶತ್ರುವಿನಿಂದಲೇ ಎಂದು ಶಾಲೆಯ ಚರಿತ್ರೆಯಲ್ಲಿ ಓದಿದವರು ನಾವು. ಆದರೆ ರಾಜ್ಯವೊಂದು ತಾನು ಯಾವ ತತ್ತ್ವದ ಮೇಲೆ ನಿಂತಿತೋ ಅದನ್ನು ತನ್ನ ಕೈಯಿಂದಲೇ, ದಿನಕ್ಕಿಷ್ಟರಂತೆ, ಸವೆಯಿಸಿಕೊಂಡು ಕುಸಿಯುವುದೂ ಉಂಟು. ಕನ್ನಡದಲ್ಲಿ ಈ ಸವೆತದ ಕಥೆಯನ್ನು ಸಮರ್ಥವಾಗಿ ಹೇಳಿದ ಕೃತಿ, ಗಿರೀಶ ಕಾರ್ನಾಡರು 1964ರಲ್ಲಿ ಬರೆದ ‘ತುಘಲಕ್’ ನಾಟಕ. ಕಾರ್ನಾಡರು ಹುಟ್ಟಿದ್ದು 1938ರಲ್ಲಿ, ನಮ್ಮ ಮುಂಬಯಿಗೆ ಸಮೀಪದ ಮಾಥೇರಾನಿನಲ್ಲಿ. ನಾಟಕದ ಇಂಗ್ಲಿಷ್ ರೂಪವು 1970ರಲ್ಲಿ ರಂಗವೇರಿದ್ದೂ ಇದೇ ಮುಂಬಯಿಯಲ್ಲಿ. ಕಥೆ ದಿಲ್ಲಿಯ ಸುಲ್ತಾನನದಾದರೂ, ಸ್ವಾತಂತ್ರ್ಯ ಬಂದ ಮೇಲಿನ ವರ್ಷಗಳ ಆಸೆ-ನಿರಾಸೆಗಳನ್ನೇ ಜನರು ಅದರಲ್ಲಿ ಕಂಡರು.

ನಾಟಕ ತೊಡಗುವುದು 1327ರ ದಿಲ್ಲಿಯಲ್ಲಿ. ಸರಕಾರಿ ಅಧಿಕಾರಿಗಳು ತನ್ನ ಜಮೀನನ್ನು ಕಿತ್ತುಕೊಂಡರೆಂದು ಬ್ರಾಹ್ಮಣನೊಬ್ಬನು ಸುಲ್ತಾನನ ಮೇಲೆಯೇ ದಾವೆ ಹೂಡಿ ಗೆಲ್ಲುತ್ತಾನೆ. ಮುಹಮ್ಮದನು ತಲೆಬಾಗಿ ತೀರ್ಪನ್ನು ಒಪ್ಪುತ್ತಾನೆ. ಹಿಂದೂ ಮುಸಲ್ಮಾನರಿಗೆ ಒಂದೇ ನ್ಯಾಯ, ಅರಸನಿಗೂ ಅದೇ ನ್ಯಾಯ: ಇದು ಆ ರಾಜ್ಯದ ಮೂಲತತ್ತ್ವ. ದಾವೆ ಗೆದ್ದವನು ವೇಷ ಹಾಕಿದ ಅಗಸ ಅಜೀಜನೆಂಬುದು ಸುಲ್ತಾನನಿಗೆ ಗೊತ್ತಿಲ್ಲ.

ಮುಂದೆ ಒಂದೊಂದೇ ಮೆಟ್ಟಿಲು ಇಳಿಯುತ್ತ ಹೋಗುತ್ತದೆ. ತನ್ನನ್ನು ಖಂಡಿಸುವ ಶೇಖ್ ಇಮಾಮುದ್ದೀನನನ್ನು ಉಪಾಯದಿಂದ ಸಾವಿನ ಬಾಯಿಗೆ ದೂಡುವುದಕ್ಕೆ ರಾಜ್ಯದ ಹಿತವೇ ಕಾರಣ. ಪ್ರಾರ್ಥನೆಯ ವೇಳೆಯಲ್ಲಿ ತನ್ನ ಕೊಲೆಗೆ ಸಂಚು ನಡೆಯಿತೆಂದು ರಾಜ್ಯದಲ್ಲಿ ಪ್ರಾರ್ಥನೆಯನ್ನೇ ನಿಷೇಧಿಸುತ್ತಾನೆ. ತಾನೇ ಇರಿದು ಕೊಂದ ಶಿಹಾಬುದ್ದೀನನನ್ನು ಸುಲ್ತಾನನ ಸಲುವಾಗಿ ಪ್ರಾಣ ತೆತ್ತ ವೀರನೆಂದು ಸಾರಿಸುತ್ತಾನೆ. ರಾಜಧಾನಿಯನ್ನು ದೌಲತಾಬಾದಿಗೆ ಒಯ್ಯುವಾಗಲಂತೂ, ಅದು ಹಿಂದೂಗಳ ನಗರ, ಎರಡು ಮತಗಳ ಐಕ್ಯಕ್ಕೆ ಗುರುತು ಎಂಬ ಮಾತು ಬರುತ್ತದೆ. ಮೂಲತತ್ತ್ವವೇ ಇಲ್ಲಿ ಜನರನ್ನು ಮನೆಯಿಂದ ಎಬ್ಬಿಸುವ ಚಾಟಿಯಾಯಿತು! ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಾವು, ಅರಸನ ಅಪ್ಪಣೆಯಿಂದ ಊರು ಬಿಟ್ಟವರ ದುಃಖವನ್ನು ತಕ್ಕಮಟ್ಟಿಗಾದರೂ ಊಹಿಸಬಲ್ಲೆವು. ಆ ದೌಲತಾಬಾದು ಹಿಂದೆ ಸೇವುಣರ ದೇವಗಿರಿ. ಆ ಅರಸರ ಅನೇಕ ಶಾಸನಗಳು ಕನ್ನಡದಲ್ಲಿವೆ.

ಬ್ಯಾಂಕಿನ ಲೆಕ್ಕಪತ್ರಗಳ ನಡುವೆ ದಿನ ಕಳೆಯುವ ನಮಗೆ ಹೆಚ್ಚು ಮನಸ್ಸಿಗೆ ನಾಟುವುದು ನಾಣ್ಯದ ಪ್ರಸಂಗ. ಸುಮಾರು 1329ರಿಂದ 1332ರವರೆಗೆ ಸುಲ್ತಾನನು ಹಿತ್ತಾಳೆ, ತಾಮ್ರದ ನಾಣ್ಯಗಳನ್ನು ಬೆಳ್ಳಿಯ ಬೆಲೆಗೆ ನಡೆಸಲು ನೋಡಿದನು. ಕಲ್ಪನೆ ಹುಚ್ಚಿನದಲ್ಲ, ಚೀನದಲ್ಲಿ ಕುಬ್ಲಾಯ್ ಖಾನನ ಕಾಲಕ್ಕೇ ಕಾಗದದ ಹಣ ಚಲಾವಣೆಯಲ್ಲಿತ್ತು. ಇಂದು ನಮ್ಮ ಕೈಯಲ್ಲಿರುವ ನೋಟೂ ಬರಿಯ ಕಾಗದವೇ. ಅದರ ಬೆಲೆಯೆಲ್ಲ ರಿಸರ್ವ್ ಬ್ಯಾಂಕಿನ ಗವರ್ನರರು ರುಜು ಮಾಡಿ ಕೊಟ್ಟ ಮಾತಿನಲ್ಲಿದೆ. ತುಘಲಕನು ತನಗೆ ವಿಧೇಯನಾದವನು ದೇವರಿಗೇ ವಿಧೇಯನೆಂದು ನಾಣ್ಯದ ಮೇಲೆ ಅಚ್ಚೊತ್ತಿಸಿದನು. ಆದರೆ ಖೋಟಾ ನಾಣ್ಯವನ್ನು ತಡೆಯುವ ಗುರುತು ಅದರಲ್ಲಿರಲಿಲ್ಲ. ಮನೆಮನೆಯೂ ಟಂಕಸಾಲೆಯಾಯಿತೆಂದು ಚರಿತ್ರಕಾರ ಬರನಿ ಬರೆದಿದ್ದಾನೆ. ಕೊನೆಗೆ ಖಜಾನೆಯ ಚಿನ್ನ ಬೆಳ್ಳಿ ಕೊಟ್ಟು ಆ ತಾಮ್ರವನ್ನೆಲ್ಲ ಹಿಂದಕ್ಕೆ ಪಡೆಯಬೇಕಾಯಿತು.

ನಾಟಕದ ಕೊನೆಯಲ್ಲಿ ಅಜೀಜನು ಖಲೀಫರ ವಂಶದವನ ಕೊಲೆ ಮಾಡಿ, ಅವನದೇ ವೇಷದಲ್ಲಿ ಬರುತ್ತಾನೆ. ಸತ್ಯ ತಿಳಿದ ಮೇಲೂ ಸುಲ್ತಾನನು ಅವನನ್ನು ಶಿಕ್ಷಿಸಲಾರ. ಶಿಕ್ಷಿಸಿದರೆ ತಾನು ಸಾರಿದ್ದೆಲ್ಲ ಸುಳ್ಳೆಂದಾಗುತ್ತದೆ. ನ್ಯಾಯಾಸನದ ಮುಂದೆ ತಲೆಬಾಗಿದವನು ಕೊಲೆಗಡುಕನಿಗೆ ದಖ್ಖನಿನ ಸೈನ್ಯದಲ್ಲಿ ಅಧಿಕಾರ ಕೊಟ್ಟು ಕಳುಹಿಸುತ್ತಾನೆ. ಇಳಿದ ಪ್ರತಿಯೊಂದು ಮೆಟ್ಟಿಲಿಗೂ ಒಂದು ಸಕಾರಣವಿತ್ತು ಎಂಬುದನ್ನು ಗಮನಿಸಬೇಕು.

ಇದು ಸುಲ್ತಾನರಿಗೆ ಮಾತ್ರ ಅನ್ವಯಿಸುವ ಪಾಠವಲ್ಲ. ಹಿರಿಯರು ಪರಸ್ಥಳದಲ್ಲಿ ಕೂಡಿ ಕಟ್ಟಿದ ಸಂಘಗಳಿಗೂ ನಿಯಮಾವಳಿಯಿದೆ. “ಈ ವರ್ಷಕ್ಕೆ ಮಾತ್ರ” ಚುನಾವಣೆ ಬೇಡ, “ಈ ಸಲ ಮಾತ್ರ” ಲೆಕ್ಕವನ್ನು ಸಭೆಯ ಮುಂದಿಡುವುದು ಬೇಡ ಎಂಬ ಮಾತು ಎಲ್ಲಿಯಾದರೂ ಕೇಳಿಬಂದರೆ, ಕಾರಣ ಎಷ್ಟೇ ಒಳ್ಳೆಯದಿರಲಿ, ಎದ್ದುನಿಂತು ವಿಚಾರಿಸುವವರು ಒಬ್ಬರಾದರೂ ಇರಬೇಕು. ರಾಜ್ಯೋತ್ಸವದ ಈ ಸಂದರ್ಭದಲ್ಲಿ ನಮ್ಮ ತರುಣರು ‘ತುಘಲಕ್’ ನಾಟಕವನ್ನು ಕನ್ನಡದಲ್ಲಿಯೇ ಓದಲಿ. ಜೊತೆಗೆ ತಮ್ಮ ಸಂಘದ ನಿಯಮಾವಳಿಯನ್ನೂ ಒಮ್ಮೆ ತೆರೆದು ನೋಡಲಿ.