ಶೋಕ ತುಳಿದ ಹಾದಿ: ಶಿಕೋಕುವಿನ 88 ದೇಗುಲಗಳ ಯಾತ್ರೆ

ಜಪಾನಿನ ನಾಲ್ಕು ಮುಖ್ಯ ದ್ವೀಪಗಳಲ್ಲಿ ಚಿಕ್ಕದಾದ ಶಿಕೋಕುವನ್ನು 88 ಬೌದ್ಧ ದೇಗುಲಗಳ ಯಾತ್ರಾಮಾರ್ಗವೊಂದು ಸುತ್ತುವರಿದಿದೆ. ಅದರ ಉದ್ದ ಸುಮಾರು 1,200 ಕಿ.ಮೀ.; ನಡೆದು ಮುಗಿಸಲು ಸಾಮಾನ್ಯವಾಗಿ ಒಂದೂವರೆ ತಿಂಗಳು ಬೇಕು. ಈ ಯಾತ್ರೆಯ ಕೇಂದ್ರವಾದ, ಶಿಂಗೊನ್ ಬೌದ್ಧ ಪಂಥದ ಸ್ಥಾಪಕ ಕೂಕಾಯ್ (774–835) ಹುಟ್ಟಿದ್ದು ಇದೇ ದ್ವೀಪದಲ್ಲಿ. ಜನ ಅವನನ್ನು ಕೋಬೊ ದೈಶಿ ಎಂದು ಪೂಜಿಸುತ್ತಾರೆ. ಈ ಹಾದಿಯ ಮೊದಲ ಯಾತ್ರಿಕನೆಂದು ಐತಿಹ್ಯ ಹೆಸರಿಸುವುದು ಮಾತ್ರ ಮಕ್ಕಳನ್ನೆಲ್ಲ ಕಳೆದುಕೊಂಡ ಒಬ್ಬ ತಂದೆಯನ್ನು.

ಅವನ ಹೆಸರು ಎಮೊನ್ ಸಬುರೊ. ಇಯೊ ಪ್ರಾಂತ್ಯದ ಸಿರಿವಂತ. ಭಿಕ್ಷೆಗೆ ಬಂದ ಸನ್ಯಾಸಿಯನ್ನು ಗದರಿಸಿ ಅಟ್ಟಿದ. ಪೊರಕೆಯ ಏಟಿಗೆ ಭಿಕ್ಷಾಪಾತ್ರೆ ಎಂಟು ಚೂರಾಯಿತು. ಅದಾದ ಮೇಲೆ ಅವನ ಎಂಟು ಮಕ್ಕಳೂ ಒಬ್ಬರ ಹಿಂದೊಬ್ಬರು ತೀರಿಕೊಂಡರು. ಬಂದವನು ಕೋಬೊ ದೈಶಿಯೆಂದು ತಿಳಿದಾಗ ಸಬುರೊ ಆಸ್ತಿಪಾಸ್ತಿ ತೊರೆದು, ಕ್ಷಮೆ ಬೇಡಲು ಅವನನ್ನು ಹುಡುಕುತ್ತ ಹೊರಟ. ಇಪ್ಪತ್ತು ಸುತ್ತು ಪ್ರದಕ್ಷಿಣೆ ಬಂದರೂ ಭೇಟಿಯಾಗಲಿಲ್ಲ. ಎದುರಾದರೂ ಸಿಕ್ಕಾನೆಂದು ಇಪ್ಪತ್ತೊಂದನೆಯ ಸಲ ಅಪ್ರದಕ್ಷಿಣೆಯಾಗಿ ನಡೆದ. 12ನೆಯ ದೇಗುಲವಾದ ಶೋಸಾನ್‌ಜಿಯ ಬೆಟ್ಟದ ದಾರಿಯಲ್ಲಿ ಕುಸಿದಾಗ ದೈಶಿ ಪ್ರತ್ಯಕ್ಷನಾಗಿ ಕ್ಷಮಿಸಿದ. ಸಬುರೊವಿನ ಹೆಸರು ಬರೆದ ಕಲ್ಲನ್ನು ಅಂಗೈಯಲ್ಲಿ ಹಿಡಿದೇ ಒಂದು ಶಿಶು ಮುಂದೆ ಹುಟ್ಟಿತಂತೆ. ಆ ಕಲ್ಲಿನಿಂದಲೇ 51ನೆಯ ದೇಗುಲಕ್ಕೆ ಇಶಿತೆಜಿ, ಅಂದರೆ ‘ಕಲ್ಲುಗೈ ದೇಗುಲ’ ಎಂಬ ಹೆಸರು.

ಯಾತ್ರೆಯ ಆಚಾರಗಳಲ್ಲೂ ಸಾವಿನ ಗುರುತುಗಳಿವೆ. ಯಾತ್ರಿಕ ತೊಡುವ ಬಿಳಿ ಅಂಗಿ ಹೆಣಕ್ಕೆ ತೊಡಿಸುವ ಬಟ್ಟೆಯ ಬಣ್ಣದ್ದು. ಊರುಗೋಲಿನ ತಲೆಯನ್ನು ಸ್ತೂಪದಂತೆ ಕೆತ್ತಿರುತ್ತಾರೆ. ಹಿಂದೆ ದಾರಿಯಲ್ಲಿ ಸತ್ತವನ ಗೋರಿಗೆ ಅದೇ ಗುರುತುಗಂಬ. ಆ ಕೋಲು ಸಾಕ್ಷಾತ್ ದೈಶಿಯೆಂಬ ನಂಬಿಕೆಯೂ ಇದೆ. ಹಾಗಾಗಿ ಒಂಟಿಯಾಗಿ ನಡೆಯುವವನ ಟೋಪಿಯ ಮೇಲೂ ‘ದೋಗ್ಯೊ ನಿನಿನ್’, ‘ಜೊತೆಯಾಗಿ ಇಬ್ಬರು’ ಎಂದು ಬರೆದಿರುತ್ತದೆ.

ಮೊದಲಿಗೆ ಭಿಕ್ಷುಗಳದಾಗಿದ್ದ ಈ ಹಾದಿ 17ನೆಯ ಶತಮಾನದಲ್ಲಿ ಸಾಮಾನ್ಯರಿಗೆ ತೆರೆದುಕೊಂಡಿತು. ಶಿನ್ನೆನ್ ಎಂಬ ಸನ್ಯಾಸಿ 1687ರಲ್ಲಿ ಮಾರ್ಗದರ್ಶಿ ಪುಸ್ತಕ ಪ್ರಕಟಿಸಿ, ಕವಲುಗಳಲ್ಲಿ ದಾರಿಗಲ್ಲುಗಳನ್ನು ನೆಡಿಸಿದ. ಊರು ಬಿಟ್ಟ ರೋಗಿಗಳು, ನೆಲೆಯಿಲ್ಲದವರು ಇಲ್ಲಿಗೆ ಬಂದು ಸಾಯುವವರೆಗೂ ಸುತ್ತುತ್ತಿದ್ದರು. ಸತ್ತರೆ ಅಲ್ಲಿನ ಪದ್ಧತಿಯಂತೆ ಹೂಳಿ, ಊರಿಗೆ ತಿಳಿಸಬೇಕಿಲ್ಲ ಎಂದು ಬರೆದ ರಹದಾರಿಗಳೂ ಇದ್ದವು. ಇಂಥವರನ್ನು ಬದುಕಿಸಿದ್ದು ‘ಒಸೆತ್ತಾಯ್’ ಎಂಬ ದಾನ. ದಾರಿಬದಿಯ ಹಳ್ಳಿಗರು ಅಕ್ಕಿ, ಹಣ, ರಾತ್ರಿಯ ತಂಗುದಾಣ ಕೊಡುತ್ತಿದ್ದರು; ಯಾತ್ರಿಕನಿಗೆ ಕೊಟ್ಟದ್ದು ದೈಶಿಗೇ ಸಂದಂತೆ. ಸಬುರೊ ತನ್ನ ಬಾಗಿಲಲ್ಲಿ ನಿರಾಕರಿಸಿದ ಭಿಕ್ಷೆ ಹೀಗೆ ದ್ವೀಪದ ಪದ್ಧತಿಯೇ ಆಯಿತು.

ಆಧುನಿಕ ಕಾಲದಲ್ಲಿ ಈ ಹಾದಿ ಹಿಡಿದ ಪ್ರಸಿದ್ಧರಲ್ಲಿ ಹೈಕು ಕವಿ ತಾನೆದಾ ಸಾಂತೋಕಾ (1882–1940) ಒಬ್ಬ. ಅವನು ಬಾಲಕನಾಗಿದ್ದಾಗ, 1892ರಲ್ಲಿ, ತಾಯಿ ಮನೆಯ ಬಾವಿಗೆ ಬಿದ್ದು ಪ್ರಾಣಬಿಟ್ಟಳು. ಮುಂದೆ ತಮ್ಮನೂ ಆತ್ಮಹತ್ಯೆ ಮಾಡಿಕೊಂಡ. ಕುಡಿತ, ಮನೆತನದ ದಿವಾಳಿಗಳನ್ನು ಹಾದು 1925ರಲ್ಲಿ ಜೆನ್ ದೀಕ್ಷೆ ಪಡೆದ ಸಾಂತೋಕಾ, ಮರುವರ್ಷದಿಂದ ಭಿಕ್ಷೆ ಬೇಡುತ್ತ ಅಲೆದ. ತಾಯಿಯ ಸ್ಮರಣಫಲಕ ಅವನ ಜೋಳಿಗೆಯಲ್ಲಿತ್ತು. ಎರಡು ಬಾರಿ ಶಿಕೋಕುವಿನ ದಾರಿಯಲ್ಲಿ ನಡೆದು, ಕೊನೆಗೆ ಅದೇ ದ್ವೀಪದ ಮಾತ್ಸುಯಾಮಾದ ಪುಟ್ಟ ಗುಡಿಸಲಿನಲ್ಲಿ ತೀರಿಕೊಂಡ.

ಇಂದು ಬಹುಪಾಲು ಯಾತ್ರಿಕರು ಬಸ್ಸು, ಕಾರುಗಳಲ್ಲಿ ಬರುತ್ತಾರೆ. ಅಗಲಿದ ಗಂಡನದೋ ಮಗಳದೋ ಭಾವಚಿತ್ರ ಇಟ್ಟುಕೊಂಡು ನಡೆಯುವವರು ಈಗಲೂ ಇದ್ದಾರೆ. ಪ್ರತಿ ದೇಗುಲದಲ್ಲೂ ಯಾತ್ರಿಕರು ಒಯ್ಯುವ ಪುಸ್ತಕಕ್ಕೆ ಕೆಂಪು ಮುದ್ರೆ ಬೀಳುತ್ತದೆ. 88 ಮುದ್ರೆ ತುಂಬಿದ ಆ ಪುಸ್ತಕವನ್ನು ಸತ್ತಾಗ ಶವಪೆಟ್ಟಿಗೆಯಲ್ಲಿ ಜೊತೆಗಿಡುವುದು ವಾಡಿಕೆ.